ಪ್ಲಾಸ್ಮಾ ಸಿಮ್ಯುಲೇಶನ್ ದಾರಿ ತಪ್ಪಿದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಟೋಕಮಾಕ್ ಎಂಬ ಬಳೆಯಾಕಾರದ ಯಂತ್ರದೊಳಗೆ ಕಾಂತಕ್ಷೇತ್ರದಿಂದ ಕಟ್ಟಿಹಾಕಿದ ಪ್ಲಾಸ್ಮಾದಿಂದ (ಅಯಾನು, ಇಲೆಕ್ಟ್ರಾನ್‌ಗಳ ಬಿಸಿ ಅನಿಲದಿಂದ) ಶಾಖ ಸೋರುತ್ತಲೇ ಇರುತ್ತದೆ. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದ ಎಷ್ಟು ಸೋರಬೇಕು ಎಂದು ಲೆಕ್ಕ ಹಾಕಿದರೆ, ಅಳತೆಯಲ್ಲಿ ಕಾಣುವ ಸೋರಿಕೆ ಅದಕ್ಕಿಂತ ಬಹಳ ಹೆಚ್ಚು. ಹೆಚ್ಚುವರಿ ಪಾಲೆಲ್ಲ ಪ್ರಕ್ಷುಬ್ಧತೆಯದು, ಅಂದರೆ ಸಣ್ಣ ಸುಳಿಗಳದು. 5 ಟೆಸ್ಲಾ ಕ್ಷೇತ್ರದಲ್ಲಿ, 10,000 ಇಲೆಕ್ಟ್ರಾನ್‌ವೋಲ್ಟ್ ತಾಪದಲ್ಲಿ, ಡ್ಯೂಟೀರಿಯಂ ಅಯಾನು ಸುತ್ತುವ ವೃತ್ತದ ತ್ರಿಜ್ಯ ಸುಮಾರು 3 ಮಿಲಿಮೀಟರ್. ಈ ಲಾರ್ಮರ್ ತ್ರಿಜ್ಯದ ಕೆಲವು ಪಟ್ಟಿನಿಂದ ಹತ್ತು ಪಟ್ಟಿನಷ್ಟು ಅಗಲದ ಸುಳಿಗಳು ಶಾಖವನ್ನು ಒಳಗಿನಿಂದ ಹೊರಕ್ಕೆ ದಾಟಿಸುತ್ತವೆ.

ಈ ದಾಟಿಸುವಿಕೆಯನ್ನು ಲೆಕ್ಕ ಹಾಕುವ ಗೈರೊಕೈನೆಟಿಕ್ (ಕಣದ ಸುತ್ತಾಟವನ್ನು ಸರಾಸರಿ ಮಾಡಿಬಿಡುವ) ಕೋಡ್‌ಗಳಲ್ಲಿ ಜಿಎಸ್2, ಸ್ಟೆಲ್ಲಾ ಮೊದಲಾದವು ಮುಕ್ತವಾಗಿ ಸಿಗುತ್ತವೆ. ದಾವಣಗೆರೆಯ ನಮ್ಮ ಭೌತಶಾಸ್ತ್ರ ವಿಭಾಗದ ವರ್ಕ್‌ಸ್ಟೇಷನ್ ಮೇಲೂ ಓಡುತ್ತವೆ. ಸರಿಯಾಗಿ ಓಡಿದವೇ ಎಂಬುದು ಬೇರೆ ಮಾತು. ಎಂ.ಎಸ್ಸಿ. ಪ್ರಾಜೆಕ್ಟಿನ ವಿದ್ಯಾರ್ಥಿಗಳು ಫಲಿತಾಂಶದ ಗ್ರಾಫ್ ಹಿಡಿದು ಬಂದು ಮೊದಲು ಕೇಳುವುದು, "ಸರ್, ಇದು ಹೊಸ ಭೌತಶಾಸ್ತ್ರ ಇರಬಹುದಾ?" ಸಾಮಾನ್ಯವಾಗಿ ಇರುವುದಿಲ್ಲ. ನಾನು ಹೇಳುವ ಕ್ರಮ ಇಷ್ಟೆ: ಮೊದಲು ಯಂತ್ರವನ್ನು ಅನುಮಾನಿಸಿ, ಆಮೇಲೆ ಮಾನಗಳನ್ನು (ಯೂನಿಟ್), ಆಮೇಲೆ ಪೆಟ್ಟಿಗೆಯ (ಲೆಕ್ಕಕ್ಕೆ ತೆಗೆದುಕೊಂಡ ಪ್ಲಾಸ್ಮಾ ತುಂಡಿನ) ಅಳತೆಯನ್ನು, ಆಮೇಲೆ ಸುಳಿಗಳನ್ನು ಕತ್ತರಿಸುವ ಝೋನಲ್ ಹರಿವನ್ನು. ಭೌತಶಾಸ್ತ್ರದ ಸರದಿ ಎಲ್ಲಕ್ಕಿಂತ ಕೊನೆಗೆ.

ಕೆಳಗೆ ಕೊಟ್ಟಿರುವ ಸಂಖ್ಯೆಗಳೆಲ್ಲ ಸೈಕ್ಲೋನ್ ಬೇಸ್ ಕೇಸ್ ಎಂಬ ಪರೀಕ್ಷಾ ಪ್ರಕರಣದವು. ಅಮೆರಿಕದ ಡಿ3-ಡಿ ಟೋಕಮಾಕ್‌ನ ಒಂದು ಪ್ರಯೋಗದಿಂದ ಎತ್ತಿಕೊಂಡ ಇದು 2000ದಲ್ಲಿ ಪ್ರಕಟವಾದ ಹೋಲಿಕೆಯ ನಂತರ ಎಲ್ಲ ಕೋಡ್‌ಗಳಿಗೂ ಒರೆಗಲ್ಲಾಗಿದೆ. ಟೋಕಮಾಕ್‌ನ ದೊಡ್ಡ ತ್ರಿಜ್ಯವನ್ನು (ಬಳೆಯ ಕೇಂದ್ರದಿಂದ ಕೊಳವೆಯ ನಡುವಿನವರೆಗಿನ ದೂರ) ತಾಪ ಇಳಿಯುವ ದೂರದಿಂದ ಭಾಗಿಸಿದರೆ 6.9 (ಕೆಳಗೆ ‘ಇಳಿಜಾರು’ ಎಂದರೆ ಇದೇ), ಸಾಂದ್ರತೆ ಇಳಿಯುವ ದೂರದಿಂದ ಭಾಗಿಸಿದರೆ 2.2. ಸುರಕ್ಷತಾ ಅಂಶ (ಕ್ಷೇತ್ರರೇಖೆಯ ತಿರುಚಿನ ಅಳತೆ) 1.4, ಕಾಂತ ಷಿಯರ್ (ಆ ತಿರುಚು ತ್ರಿಜ್ಯದೊಂದಿಗೆ ಬದಲಾಗುವ ಪ್ರಮಾಣ) ಸುಮಾರು 0.8, ಅಯಾನು ಮತ್ತು ಇಲೆಕ್ಟ್ರಾನ್ ತಾಪ ಸಮ. ನಿಮ್ಮ ಸ್ವಂತ ಪ್ರಕರಣ ಕೈಕೊಟ್ಟರೆ ಮೊದಲು ಇದನ್ನು ಓಡಿಸಿ. ಇದೇ ತಪ್ಪಾಗಿ ಬಂದರೆ ನಿಮ್ಮ ಪ್ರಕರಣವನ್ನು ಮುಟ್ಟುವ ಅಗತ್ಯವೇ ಇಲ್ಲ.

ರನ್ ಅರ್ಧಕ್ಕೆ ನಿಂತಿದೆ, ಅಥವಾ ತೆವಳುತ್ತಿದೆ

ಖರ್ಚಿಲ್ಲದ ಪರೀಕ್ಷೆ ಇದು: ಡಿಸ್ಕ್ ತುಂಬಿದೆಯೇ ನೋಡಿ. ತುಂಬಿದ ಡಿಸ್ಕ್ ಮೇಲೆ ಬರೆದ ರೀಸ್ಟಾರ್ಟ್ ಫೈಲ್ ಅರ್ಧಂಬರ್ಧವಾಗಿರುತ್ತದೆ, ಅದರಿಂದ ಮತ್ತೆ ಹಚ್ಚಿದ ರನ್ ಅಸಂಬದ್ಧವಾಗಿ ವರ್ತಿಸುತ್ತದೆ. ಎರಡು ರೀಸ್ಟಾರ್ಟ್ ಫೈಲ್‌ಗಳನ್ನು ಸರದಿಯಲ್ಲಿ ಬರೆಯುವ ವ್ಯವಸ್ಥೆ ಮಾಡಿಕೊಳ್ಳಿ. ಚಿತ್ರದುರ್ಗದಿಂದ ಬಂದುಹೋಗುವವರು ರನ್ ಹಚ್ಚಿ ಸಂಜೆಯ ಬಸ್ ಹಿಡಿಯುತ್ತಾರೆ. ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೈಬಿಟ್ಟರೆ ಉಳಿಯುವುದು ಈ ಎರಡರಲ್ಲಿ ಒಂದೇ.

ಇನ್ನು ತೆವಳುವ ರನ್. ಲಾಗ್ ಫೈಲ್‌ನಲ್ಲಿ ಪ್ರತಿ ಹೆಜ್ಜೆಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ದಾಖಲಾಗಿರುತ್ತದೆ. ಬೆಳಗಿನ ಜಾವದ ಸಾಲನ್ನೂ ಮಧ್ಯಾಹ್ನ 3ರ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಎ.ಸಿ. ಇಲ್ಲದ ಕೋಣೆಯ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಮಧ್ಯಾಹ್ನ ಮಾತ್ರ ನಿಧಾನವಾದರೆ ಕಾರಣ ಶಾಖ, ಇಡೀ ದಿನ ನಿಧಾನವಾದರೆ ಮೆಮೊರಿ ಸಾಲದೆ ಡಿಸ್ಕಿನಲ್ಲಿ ಕೆಲಸ ನಡೆಯುತ್ತಿದೆ. ಮೊದಲನೆಯದಕ್ಕೆ ಫಿಲ್ಟರ್‌ನ ದೂಳು ತೆಗೆಯುವುದು ಮದ್ದು, ಎರಡನೆಯದಕ್ಕೆ ಗ್ರಿಡ್‌ನ (ಲೆಕ್ಕದ ಜಾಲದ) ಬಿಂದುಗಳನ್ನು ಕಡಿಮೆ ಮಾಡುವುದು.

ಎಚ್ಚರಿಕೆ: ದೂಳು ತೆಗೆಯುವಾಗ ಯಂತ್ರ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಮುಚ್ಚಳ ತೆಗೆಯಿರಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಯುಪಿಎಸ್ ಬ್ಯಾಟರಿ ಉಬ್ಬಿದ್ದರೆ, ಇಲ್ಲವೇ ಕೋಣೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಸ್ವಿಚ್‌ಗಳನ್ನು ಮುಟ್ಟದೆ ಹೊರಬಂದು, ಬಾಗಿಲು ತೆರೆದಿಟ್ಟು, ಯುಪಿಎಸ್ ರಿಪೇರಿಯವರನ್ನು ಕರೆಸಿ. ನಿಮ್ಮ ರನ್ ಅಲ್ಲಿಗೆ ಕೊನೆಯಾದರೂ ಚಿಂತೆಯಿಲ್ಲ.

ಪರದೆಯ ತುಂಬ ‘ನ್ಯಾನ್’

ಸಂಖ್ಯೆಯಲ್ಲದ ಸಂಖ್ಯೆ ಬಂತೆಂದರೆ ಎಲ್ಲೋ ಲೆಕ್ಕ ಸಿಡಿದಿದೆ. ಕಾಲದ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿ. ಸಿಡಿಯುವ ಕ್ಷಣ (ಹೆಜ್ಜೆಗಳ ಎಣಿಕೆಯಲ್ಲಲ್ಲ, ಪ್ಲಾಸ್ಮಾದ ಕಾಲದಲ್ಲಿ) ಮುಂದಕ್ಕೆ ಹೋದರೆ ಅಥವಾ ಸಿಡಿತವೇ ನಿಂತರೆ ತಪ್ಪು ಹೆಜ್ಜೆಯದು: ಸುಳಿಗಳು ಬಲವಾದಂತೆ ವೇಗ ಏರುತ್ತದೆ, ಒಂದು ಹೆಜ್ಜೆಯಲ್ಲಿ ಒಂದು ಗ್ರಿಡ್ ಅಂತರಕ್ಕಿಂತ ಹೆಚ್ಚು ದೂರ ಸಾಗಿದರೆ ಲೆಕ್ಕ ಕೈಮೀರುತ್ತದೆ. ಹೆಜ್ಜೆಯನ್ನು ತಾನೇ ಸರಿಹೊಂದಿಸಿಕೊಳ್ಳುವ ಆಯ್ಕೆ ಕೋಡ್‌ನಲ್ಲಿದ್ದರೆ ಹಚ್ಚಿ. ಅದೇ ಕ್ಷಣಕ್ಕೆ ಸಿಡಿದರೆ ಮುಂದಿನ ವಿಭಾಗಗಳಲ್ಲಿ ಕಾರಣ ಹುಡುಕಿ.

ಏನೂ ಬೆಳೆಯುವುದೇ ಇಲ್ಲ, ಎಲ್ಲವೂ ಆರಿಹೋಗುತ್ತದೆ

ತಾಪದ ಇಳಿಜಾರು ಇದ್ದಾಗ ಅಯಾನುಗಳ ಅಸ್ಥಿರತೆ ಹುಟ್ಟಬೇಕು. ಲಾಗ್ ಮಾನದ ಗ್ರಾಫ್‌ನಲ್ಲಿ ಅದು ನೇರ ಗೆರೆಯಾಗಿ ಮೇಲೇರುವುದು ಕಾಣಬೇಕು. ಬದಲಿಗೆ ಗೆರೆ ಕೆಳಗಿಳಿದರೆ ನೂರಕ್ಕೆ ತೊಂಬತ್ತು ಸಲ ಮಾನದ ತಪ್ಪು ಎಂದುಕೊಂಡೇ ಶುರುಮಾಡಿ.

ಕೆಲವು ಕೋಡ್‌ಗಳು ಉದ್ದವನ್ನು ಟೋಕಮಾಕ್‌ನ ದೊಡ್ಡ ತ್ರಿಜ್ಯದಲ್ಲಿ ಅಳೆಯುತ್ತವೆ, ಕೆಲವು ಸಣ್ಣ ತ್ರಿಜ್ಯದಲ್ಲಿ (ಕೊಳವೆಯ ಅರ್ಧ ಅಗಲ). ಸೈಕ್ಲೋನ್ ಪ್ರಕರಣದಲ್ಲಿ ದೊಡ್ಡದು ಸಣ್ಣದರ 2.78 ಪಟ್ಟು. ಆದ್ದರಿಂದ 6.9 ಎಂಬ ಅದೇ ಇಳಿಜಾರು ಇನ್ನೊಂದು ಕೋಡ್‌ನಲ್ಲಿ 2.48 ಆಗುತ್ತದೆ. ಯಾರದೋ ಇನ್‌ಪುಟ್ ಫೈಲ್‌ನ 2.48 ಅನ್ನು ದೊಡ್ಡ ತ್ರಿಜ್ಯದ ಕೋಡ್‌ಗೆ ಹಾಗೆಯೇ ಕೊಟ್ಟರೆ ಏನಾಗುತ್ತದೆ? ಅಸ್ಥಿರತೆ ಹುಟ್ಟಲು ಬೇಕಾದ ಹೊಸ್ತಿಲು ಸುಮಾರು 4. ನೀವು ಹೊಸ್ತಿಲ ಕೆಳಗೆ ಕುಳಿತಿದ್ದೀರಿ, ಎಲ್ಲ ಆರಿಹೋಗುವುದೇ ಸರಿ. ತಿರುವುಮುರುವಾದರೆ, ಅಂದರೆ ಸಣ್ಣ ತ್ರಿಜ್ಯದ ಕೋಡ್‌ಗೆ 6.9 ಕೊಟ್ಟರೆ, ನಿಜವಾದ ಇಳಿಜಾರು 19 ದಾಟುತ್ತದೆ ಮತ್ತು ಶಾಖದ ಹರಿವು ಕಣ್ಣು ಕುಕ್ಕುವಷ್ಟು ಏರುತ್ತದೆ. ಕೋಡ್ ಎರಡು ಸಲವೂ ತಕರಾರಿಲ್ಲದೆ ಓಡುತ್ತದೆ.

ಮಾನ ಸರಿಯಿದ್ದರೆ ಇಳಿಜಾರನ್ನು ಅಯಾನಿಗೆ ಕೊಟ್ಟಿದ್ದೀರೋ ಇಲೆಕ್ಟ್ರಾನಿಗೋ ನೋಡಿ. ನಂತರ ಒಂದೇ ಅಲೆಸಂಖ್ಯೆ ಇಟ್ಟುಕೊಂಡು, ಲಾರ್ಮರ್ ತ್ರಿಜ್ಯದಿಂದ ಗುಣಿಸಿದರೆ 0.3 ಬರುವಂಥದ್ದು, ರೇಖೀಯ ರನ್ (ಅಲೆಗಳ ಪರಸ್ಪರ ಪ್ರಭಾವ ಬಿಟ್ಟ ಲೆಕ್ಕ) ಮಾಡಿ. ಬೆಣ್ಣೆದೋಸೆ ತಿಂದು ಬರುವಷ್ಟರಲ್ಲಿ ಮುಗಿಯುತ್ತದೆ. ಅದು ಬೆಳೆದರೆ ಪೂರ್ಣ ರನ್‌ನಲ್ಲಿ ತಾಳ್ಮೆ ಸಾಲದಾಗಿದೆ, ಅಷ್ಟೆ: ಆರಂಭದ ಗದ್ದಲ ತೀರ ಸಣ್ಣದಿದ್ದರೆ ಕಣ್ಣಿಗೆ ಕಾಣುವ ಮಟ್ಟಕ್ಕೆ ಏರಲು ಹೊತ್ತು ಹಿಡಿಯುತ್ತದೆ.

ಏರುತ್ತಲೇ ಇದೆ, ನಿಲ್ಲುವುದಿಲ್ಲ

ಎಲ್ಲರೂ ಹೆಚ್ಚು ದಿನ ಕಳೆಯುವುದು ಈ ಲಕ್ಷಣದ ಮುಂದೆ. ಅಸ್ಥಿರತೆ ಬೆಳೆದು, ಒಂದು ಹಂತದಲ್ಲಿ ಸುಳಿಗಳೇ ಪರಸ್ಪರ ಹರಿದುಹಾಕಿ, ಶಾಖದ ಹರಿವು ಏರಿಳಿಯುತ್ತ ಒಂದು ಸರಾಸರಿಯ ಸುತ್ತ ನಿಲ್ಲಬೇಕು. ಹೀಗೆ ಹರಿದುಹಾಕುವ ಕೆಲಸದ ದೊಡ್ಡ ಪಾಲು ಝೋನಲ್ ಹರಿವಿನದು. ಕಾಂತ ಮೇಲ್ಮೈಯ (ಕ್ಷೇತ್ರರೇಖೆಗಳು ಹೆಣೆದ ಪದರದ) ಉದ್ದಕ್ಕೂ ಒಂದೇ ಸಮನಾಗಿ, ಆದರೆ ತ್ರಿಜ್ಯದ ದಿಕ್ಕಿನಲ್ಲಿ ಪಟ್ಟೆಪಟ್ಟೆಯಾಗಿ ಬೀಸುವ ಈ ಹರಿವು ಶಾಖವನ್ನು ತಾನು ಸಾಗಿಸುವುದಿಲ್ಲ, ಸಾಗಿಸುವ ಸುಳಿಗಳನ್ನು ಕತ್ತರಿಸುತ್ತದೆ. ಕತ್ತರಿ ಮೊಂಡಾದರೆ ಶಾಖದ ಹರಿವಿನ ಏರಿಕೆ ನಿಲ್ಲುವುದಿಲ್ಲ.

ಮೊದಲು ಚಿತ್ರ ನೋಡಿ. ವಿದ್ಯುತ್ ವಿಭವದ ಬಣ್ಣದ ನಕ್ಷೆಯಲ್ಲಿ ಸುಳಿಗಳು ಪೆಟ್ಟಿಗೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಉದ್ದ ಪಟ್ಟಿಗಳಾಗಿ ಚಾಚಿದ್ದರೆ ಪೆಟ್ಟಿಗೆ ಕಿರಿದಾಗಿದೆ. ಇಲ್ಲೊಂದು ಮರೆಯಾದ ಕೊಂಡಿ ಇದೆ. ಪೆಟ್ಟಿಗೆಯ ತುದಿಗಳನ್ನು ತಿರುಚಿ ಜೋಡಿಸುವ ಗಡಿ ನಿಯಮದಿಂದಾಗಿ ತ್ರಿಜ್ಯದ ದಿಕ್ಕಿನ ಅಗಲವನ್ನು ನೀವು ಇಷ್ಟ ಬಂದಂತೆ ಆರಿಸಲಾಗುವುದಿಲ್ಲ. ಅತಿ ಸಣ್ಣ ಅಲೆಸಂಖ್ಯೆ 0.05, ಷಿಯರ್ 0.8 ಇದ್ದರೆ, ತ್ರಿಜ್ಯದ ದಿಕ್ಕಿನ ಅಲೆಸಂಖ್ಯೆಗಳ ನಡುವಿನ ಅಂತರ ಅವೆರಡರ ಗುಣಲಬ್ಧವನ್ನು 6.28ರಿಂದ ಗುಣಿಸಿದಷ್ಟು, ಸುಮಾರು 0.25. ಅಂದರೆ ಪೆಟ್ಟಿಗೆಯ ಅಗಲ ಬರೀ 25 ಲಾರ್ಮರ್ ತ್ರಿಜ್ಯ. ಅಷ್ಟರಲ್ಲಿ ಎರಡು ಮೂರು ಸುಳಿ ಹಿಡಿಸಿದರೆ ಹೆಚ್ಚು. ಈ ಅಂತರವನ್ನು ಭಾಗಿಸುವ ಪೂರ್ಣಾಂಕವೊಂದು ಇನ್‌ಪುಟ್ ಫೈಲ್‌ನಲ್ಲಿರುತ್ತದೆ, ಯಾರೂ ಅದರತ್ತ ನೋಡುವುದಿಲ್ಲ. 1ರ ಬದಲು 5 ಇಟ್ಟರೆ ಅಗಲ 125 ಆಗುತ್ತದೆ. ಬಿಂದುಗಳ ಸಂಖ್ಯೆಯನ್ನೂ ಅದೇ ಪ್ರಮಾಣದಲ್ಲಿ ಏರಿಸಿ, ಇಲ್ಲದಿದ್ದರೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳುತ್ತೀರಿ.

ಪೆಟ್ಟಿಗೆ ಸರಿಯಿದ್ದರೂ ನಿಲ್ಲದಿದ್ದರೆ ಇಲೆಕ್ಟ್ರಾನ್‌ಗಳ ಸರಳ ಮಾದರಿಯನ್ನು ತೆರೆದು ನೋಡಿ. ಇಲೆಕ್ಟ್ರಾನ್‌ಗಳು ಕ್ಷೇತ್ರರೇಖೆಯ ಗುಂಟ ಕ್ಷಣಮಾತ್ರದಲ್ಲಿ ಓಡಾಡಿ ವಿಭವಕ್ಕೆ ಸ್ಪಂದಿಸುತ್ತವೆ ಎಂಬ ಮಾದರಿಯಲ್ಲಿ, ಅವು ಸ್ಪಂದಿಸುವುದು ವಿಭವಕ್ಕಲ್ಲ, ವಿಭವದಿಂದ ಕಾಂತ ಮೇಲ್ಮೈಯ ಸರಾಸರಿಯನ್ನು ಕಳೆದು ಉಳಿದುದಕ್ಕೆ. ಮೇಲ್ಮೈಯಿಂದ ಮೇಲ್ಮೈಗೆ ಅವು ಜಿಗಿಯಲಾರವು, ಹಾಗಾಗಿ ಈ ಕಳೆಯುವಿಕೆ. ಸರಾಸರಿ ಕಳೆಯುವ ಆಯ್ಕೆ ಆರಿದ್ದರೆ ಝೋನಲ್ ಹರಿವನ್ನು ಇಲೆಕ್ಟ್ರಾನ್‌ಗಳು ಮುಚ್ಚಿಹಾಕುತ್ತವೆ, ಕತ್ತರಿ ಹುಟ್ಟುವ ಮೊದಲೇ ಸತ್ತಿರುತ್ತದೆ. ಇಲೆಕ್ಟ್ರಾನ್ ಗಾತ್ರದ ಪ್ರಕ್ಷುಬ್ಧತೆಯ ಹಳೆಯ ಇನ್‌ಪುಟ್ ಫೈಲ್ ನಕಲು ಮಾಡಿಕೊಂಡವರಿಗೆ ಇದು ಖಂಡಿತ ಕಾದಿರುತ್ತದೆ, ಏಕೆಂದರೆ ಅಲ್ಲಿ ಅಯಾನುಗಳಿಗೆ ಈ ಕಳೆಯುವಿಕೆ ಬೇಕಿಲ್ಲ.

ಝೋನಲ್ ಹರಿವನ್ನು ಒಂಟಿಯಾಗಿ ಪರೀಕ್ಷಿಸುವ ದಾರಿಯನ್ನು ರೋಸೆನ್‌ಬ್ಲೂತ್ ಮತ್ತು ಹಿಂಟನ್ 1998ರಲ್ಲಿ ತೋರಿಸಿದರು. ಇಳಿಜಾರುಗಳನ್ನು ಸೊನ್ನೆ ಮಾಡಿ, ಅರೇಖೀಯ ಪದ ಆರಿಸಿ, ಡಿಕ್ಕಿ ಆರಿಸಿ, ಝೋನಲ್ ಅಲೆಗೆ ಮಾತ್ರ ಒಂದು ತಟ್ಟು ಕೊಡಿ. ಅದು ಕೆಲಕಾಲ ಹೊಯ್ದಾಡಿ, ಆರಂಭದ ಒಂದು ಅಂಶಕ್ಕೆ ಬಂದು ನಿಲ್ಲಬೇಕು. ಆ ಅಂಶಕ್ಕೆ ಸೂತ್ರವಿದೆ: ಸುರಕ್ಷತಾ ಅಂಶದ ವರ್ಗವನ್ನು 1.6ರಿಂದ ಗುಣಿಸಿ, ಲೆಕ್ಕ ನಡೆಯುವ ಮೇಲ್ಮೈಯ (ಇಡೀ ಕೊಳವೆಯದಲ್ಲ) ಸಣ್ಣ ಮತ್ತು ದೊಡ್ಡ ತ್ರಿಜ್ಯಗಳ ಅನುಪಾತದ ವರ್ಗಮೂಲದಿಂದ ಭಾಗಿಸಿ, 1 ಕೂಡಿಸಿ, ತಲೆಕೆಳಗು ಮಾಡಿ. 1.4 ಮತ್ತು 0.18 ಹಾಕಿದರೆ ಸುಮಾರು 0.12. ನಿಮ್ಮ ಗೆರೆ ಅಲ್ಲಿ ನಿಂತರೆ ಕತ್ತರಿ ಚೂಪಾಗಿದೆ. ನಿಧಾನವಾಗಿ ಸೊನ್ನೆಗೆ ಜಾರಿದರೆ, ಸಣ್ಣ ಸುಳಿಗಳನ್ನು ಒರೆಸಲು ನೀವು ಹಾಕಿದ ಕೃತಕ ಸ್ನಿಗ್ಧತೆ ಝೋನಲ್ ಅಲೆಯ ಮೇಲೂ ಕೈಯಾಡಿಸುತ್ತಿದೆ. ಹೊಯ್ದಾಟವೇ ಇಲ್ಲದೆ 1ರ ಹತ್ತಿರವೇ ಉಳಿದರೆ ಮೇಲೆ ಹೇಳಿದ ಸರಾಸರಿಯ ತಪ್ಪನ್ನು ಮತ್ತೊಮ್ಮೆ ನೋಡಿ.

ಇದೇ ಪರೀಕ್ಷೆಯಲ್ಲಿ ಇನ್ನೊಂದು ವಿಚಿತ್ರ ಕಾಣಬಹುದು: ಹೊಯ್ದಾಟ ಆರಿ ಶಾಂತವಾದ ಗೆರೆ ಯಾವುದೋ ಗಳಿಗೆಯಲ್ಲಿ ಸತ್ತವನು ಎದ್ದು ಕುಳಿತಂತೆ ಮತ್ತೆ ಕುಣಿಯುತ್ತದೆ. ಕಣಗಳ ವೇಗಗಳನ್ನು ಹಂಚಿಟ್ಟ ಗ್ರಿಡ್ ಒರಟಾಗಿರುವುದರ ಗುರುತು ಇದು. ಉಷ್ಣವೇಗದ (ಆ ತಾಪದಲ್ಲಿ ಕಣಗಳ ಸಾಮಾನ್ಯ ವೇಗದ) 3 ಪಟ್ಟಿನವರೆಗೆ ಎರಡೂ ದಿಕ್ಕಿನಲ್ಲಿ ಸಮಾನ ಅಂತರದ 32 ಬಿಂದುಗಳಿದ್ದರೆ, ದೊಡ್ಡ ತ್ರಿಜ್ಯವನ್ನು ಉಷ್ಣವೇಗದಿಂದ ಭಾಗಿಸಿದ ಕಾಲಮಾನದಲ್ಲಿ, ಸುಮಾರು 45ಕ್ಕೆ ಕುಣಿತ ಮರಳುತ್ತದೆ. ಬಿಂದು 64 ಮಾಡಿದರೆ 92ರ ಸುತ್ತ. ಬಿಂದು ಇಮ್ಮಡಿಯಾದಾಗ ಮರಳುವ ಗಳಿಗೆಯೂ ಇಮ್ಮಡಿಯಾದರೆ ಅನುಮಾನಕ್ಕೆ ಜಾಗವಿಲ್ಲ. ಸ್ವಲ್ಪ ಡಿಕ್ಕಿ ಸೇರಿಸಿದರೂ ಸಾಕು, ಮಾಯವಾಗುತ್ತದೆ.

ನಿಂತಿದೆ, ಆದರೆ ಸಂಖ್ಯೆ ಬೇರೆ

ಸೈಕ್ಲೋನ್ ಪ್ರಕರಣದ ಅಯಾನು ಶಾಖವಾಹಕತೆ, 2000ದ ಹೋಲಿಕೆಯ ಮಾನದಲ್ಲಿ, 2ರ ಆಸುಪಾಸು. ಆ ಮಾನ ಎಂದರೆ ಲಾರ್ಮರ್ ತ್ರಿಜ್ಯದ ವರ್ಗವನ್ನು ಉಷ್ಣವೇಗದಿಂದ ಗುಣಿಸಿ ಒಂದು ಉದ್ದದಿಂದ ಭಾಗಿಸಿದ್ದು, ಅಲ್ಲಿ ಆ ಉದ್ದ ಸಾಂದ್ರತೆ ಇಳಿಯುವ ದೂರ. ಅದೇ ಭೌತಶಾಸ್ತ್ರವನ್ನು ದೊಡ್ಡ ತ್ರಿಜ್ಯದ ಮಾನದಲ್ಲಿ ಬರೆದರೆ 4.4. ಉಷ್ಣವೇಗದ ವ್ಯಾಖ್ಯೆಯೊಳಗೆ ವರ್ಗಮೂಲ 2 ಸೇರಿಸುವ ಕೋಡ್ ಆದರೆ, ವೇಗ 1.41 ಪಟ್ಟು, ಲಾರ್ಮರ್ ತ್ರಿಜ್ಯದ ವರ್ಗ 2 ಪಟ್ಟು, ಒಟ್ಟು ಮಾನ 2.83 ಪಟ್ಟು ದೊಡ್ಡದು. ಆಗ 4.4 ಹೋಗಿ 1.6 ಆಗುತ್ತದೆ. 2.0, 4.4, 1.6: ಮೂರೂ ಒಂದೇ ಉತ್ತರ. ನಿಮ್ಮ ಸಂಖ್ಯೆ ಪುಸ್ತಕದ ಸಂಖ್ಯೆಗಿಂತ 2.83 ಪಟ್ಟೋ 2.78 ಪಟ್ಟೋ ದೂರವಿದ್ದರೆ ಕೋಡ್ ಬಿಟ್ಟು ಅದರ ಕೈಪಿಡಿಯ ಮಾನಗಳ ಪುಟ ತೆರೆಯಿರಿ. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರುವುದು ಒಂದು ದುರದೃಷ್ಟ, ಒಂದರ ತಪ್ಪನ್ನು ಇನ್ನೊಂದಕ್ಕೆ ಹೊರಿಸುವುದು ಬಹಳ ಸುಲಭ.

ಮಾನ ಸರಿಯಿದ್ದರೆ ಸರಾಸರಿ ತೆಗೆದ ಕಾಲದ ಕಿಟಕಿ ನೋಡಿ. ಮೊದಲ ದೊಡ್ಡ ಶಿಖರ ಲೆಕ್ಕಕ್ಕೆ ಬರುವುದಿಲ್ಲ, ಅದು ಅಸ್ಥಿರತೆಯ ಮಿತಿಮೀರಿದ ಏರಿಕೆ. ಆಮೇಲೆ ಸ್ಪೆಕ್ಟ್ರಮ್ ತೆರೆಯಿರಿ. ಶಾಖ ಸಾಗಿಸುವ ಅಲೆಗಳ ಶಿಖರ ಮಧ್ಯದಲ್ಲೆಲ್ಲೋ ಇದ್ದು ಎರಡೂ ಕಡೆ ಇಳಿಯಬೇಕು. ಶಿಖರ ಎಡತುದಿಗೆ ಅಂಟಿಕೊಂಡಿದ್ದರೆ ಪೆಟ್ಟಿಗೆ ಚಿಕ್ಕದು. ಬಲತುದಿಯಲ್ಲಿ ಬಾಲ ಮೇಲೆದ್ದಿದ್ದರೆ ಶಕ್ತಿಗೆ ಹೋಗಲು ದಾರಿಯಿಲ್ಲದೆ ರಾಶಿ ಬಿದ್ದಿದೆ, ಬಿಂದು ಹೆಚ್ಚಿಸಿ ಇಲ್ಲವೇ ಕೃತಕ ಸ್ನಿಗ್ಧತೆ ಸ್ವಲ್ಪ ಏರಿಸಿ, ಏರಿಸಿದ ಮೇಲೆ ಝೋನಲ್ ಪರೀಕ್ಷೆ ಮತ್ತೆ ಮಾಡಿ.

ಚೆನ್ನಾಗಿ ಎದ್ದಿತು, ಆಮೇಲೆ ಸೊನ್ನೆಗೆ ಬಿತ್ತು

ಇಳಿಜಾರು 4 ಮತ್ತು 6ರ ನಡುವೆ ಇದ್ದರೆ ಇದು ದೋಷವಲ್ಲ. ರೇಖೀಯ ಲೆಕ್ಕದಲ್ಲಿ ಅಸ್ಥಿರತೆ ಇದೆ, ಆದರೆ ಅದು ಹುಟ್ಟಿಸಿದ ಝೋನಲ್ ಹರಿವು ಅದನ್ನೇ ಪೂರ್ತಿ ನುಂಗುತ್ತದೆ. ಡಿಮಿಟ್ಸ್ ಷಿಫ್ಟ್ ಎಂದು ಹೆಸರಾದುದು ಇದೇ. ಸೈಕ್ಲೋನ್ 6.9 ಈ ಎರಡನೆಯ ಹೊಸ್ತಿಲಿಗೆ ಎಷ್ಟು ಹತ್ತಿರವಿದೆ ಎಂದರೆ, ಇಳಿಜಾರಿನ ಸಣ್ಣ ತಪ್ಪು ಸಾಕು, ಹರಿವು ಸೊನ್ನೆಯಾಗಲು. 6.9 ಇದ್ದೂ ಸೊನ್ನೆಗೆ ಬಿದ್ದರೆ ಮಾತ್ರ ಮಾನಗಳಿಗೆ ಹಿಂದಿರುಗಿ. ಹೊಸ್ತಿಲ ಹತ್ತಿರದ ರನ್‌ಗಳನ್ನು ಬೇಗ ನಿಲ್ಲಿಸಬೇಡಿ: ನಿಂತಂತೆ ಕಂಡ ಹರಿವು ಬಹಳ ಹೊತ್ತಿನ ಮೇಲೆ, ಝೋನಲ್ ಪಟ್ಟೆಗಳು ನಿಧಾನವಾಗಿ ಬಲಿತು, ಕುಸಿಯುವುದುಂಟು.

ಎಲ್ಲ ಸರಿ, ಪ್ರಯೋಗದ ಅಳತೆಗೆ ಮಾತ್ರ ಹೊಂದುವುದಿಲ್ಲ

ದಾವಣಗೆರೆಯ ಎಪಿಎಂಸಿ ಅಂಗಳದಲ್ಲಿ ಮೆಕ್ಕೆಜೋಳದ ರಾಶಿಯ ಮೇಲೆ ಚೀಲಗಟ್ಟಲೆ ಸುರಿದರೂ ರಾಶಿಯ ಓರೆ ಬದಲಾಗುವುದಿಲ್ಲ, ಕಾಳು ಜಾರಿ ಅಂಚಿಗೆ ಹೋಗುತ್ತದೆ. ಟೋಕಮಾಕ್‌ನ ತಾಪದ ಇಳಿಜಾರೂ ಹಾಗೆಯೇ ಬಿಗಿ. ಸೈಕ್ಲೋನ್ ಪ್ರಕರಣದ ಸೂತ್ರದಲ್ಲಿ ಇಳಿಜಾರನ್ನು 6.9ರಿಂದ 7.6ಕ್ಕೆ, ಅಂದರೆ ಶೇ. 10ರಷ್ಟು ಏರಿಸಿದರೆ ಶಾಖವಾಹಕತೆ 2.0ರಿಂದ 3.2ಕ್ಕೆ ಏರುತ್ತದೆ. ಇಳಿಜಾರೂ ಏರಿರುವುದರಿಂದ ಹರಿವು ಶೇ. 75ಕ್ಕಿಂತ ಹೆಚ್ಚಾಗುತ್ತದೆ. ಪ್ರಯೋಗದಲ್ಲಿ ಇಳಿಜಾರಿನ ಅಳತೆಗೇ ಅಷ್ಟು ಅನಿಶ್ಚಿತತೆ ಇರಬಹುದು. ಆದ್ದರಿಂದ ಒಂದೇ ಇಳಿಜಾರಿನಲ್ಲಿ ಹರಿವನ್ನು ಹೋಲಿಸಿ ಕೋಡ್ ತಪ್ಪೆನ್ನಬೇಡಿ. ಅಳತೆಯ ಮಿತಿಯೊಳಗೆ ಇಳಿಜಾರನ್ನು ಬದಲಿಸುತ್ತ ಕೆಲವು ರನ್ ಮಾಡಿ, ಅಳೆದ ಹರಿವು ಯಾವ ಇಳಿಜಾರಿನಲ್ಲಿ ಸಿಗುತ್ತದೆ ಎಂದು ನೋಡಿ.

ಆ ಮಿತಿಯಲ್ಲೂ ಹರಿವು ಹೆಚ್ಚಾಗಿಯೇ ಉಳಿದರೆ ಪ್ಲಾಸ್ಮಾದ ಸ್ವಂತ ಹರಿವಿನ ಷಿಯರ್ (ಪಕ್ಕಪಕ್ಕದ ಪದರಗಳ ವೇಗದ ವ್ಯತ್ಯಾಸ) ಬಿಟ್ಟುಹೋಗಿದೆಯೇ ಕೇಳಿಕೊಳ್ಳಿ. 1982ರಲ್ಲಿ ಜರ್ಮನಿಯ ಗಾರ್ಚಿಂಗ್‌ನ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಜ್ ವಾಗ್ನರ್ ಕಂಡ ಹೆಚ್-ಮೋಡ್‌ನಲ್ಲಿ ಅಂಚಿನ ಪ್ರಕ್ಷುಬ್ಧತೆ ಅಡಗಿ ಶಾಖ ಹಿಡಿದಿಡುವ ಕಾಲ ಏರಿತ್ತು. ಸುಳಿಗಳನ್ನು ಹರಿದುಹಾಕುವ ಇಂಥ ಷಿಯರ್ ಅದಕ್ಕೆ ಮುಖ್ಯ ಕಾರಣ ಎಂದು ಈಗ ತಿಳಿಯುತ್ತೇವೆ. ಇಲೆಕ್ಟ್ರಾನ್‌ಗಳ ಶಾಖ ಮಾತ್ರ ಕಡಿಮೆ ಬಂದರೆ ನಿಮ್ಮ ಸರಳ ಇಲೆಕ್ಟ್ರಾನ್ ಮಾದರಿಯೇ ಮಿತಿ, ಅದು ಆ ಶಾಖವನ್ನು ಸಾಗಿಸುವುದೇ ಇಲ್ಲ.

ಇಲ್ಲಿಗೆ ನಿಲ್ಲಿಸಿ, ಸಹಾಯ ಕೇಳಿ

ಇಲೆಕ್ಟ್ರಾನ್‌ಗಳನ್ನು ಪೂರ್ತಿಯಾಗಿ ಸೇರಿಸಬೇಕೆಂದರೆ ಅವು ಡ್ಯೂಟೀರಿಯಂ ಅಯಾನಿಗಿಂತ ಸುಮಾರು 60 ಪಟ್ಟು ವೇಗವಾಗಿ ಓಡುತ್ತವೆ, ಕಾಲದ ಹೆಜ್ಜೆ ಅಷ್ಟು ಕಿರಿದಾಗುತ್ತದೆ. ವಿಭಾಗದ ಯಂತ್ರದಲ್ಲಿ ಅದನ್ನು ಹಚ್ಚಿ ಉಳಿದವರ ಸರದಿ ಕೆಡಿಸಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಮ್ ಪ್ರವೇಗ, ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಆಂತ್ಯ, ಇಂಥ ಸೂಪರ್‌ಕಂಪ್ಯೂಟರ್‌ಗಳ ಕೆಲಸ ಅದು. ನಿಮ್ಮ ಮಾರ್ಗದರ್ಶಕರ ಮೂಲಕವೇ ಅರ್ಜಿ ಹಾಕಿ. ಕಾಂತಕ್ಷೇತ್ರದ ಏರಿಳಿತವನ್ನೂ ಸೇರಿಸಿದ ರನ್‌ನಲ್ಲಿ ಪ್ಲಾಸ್ಮಾ ಒತ್ತಡ ಕಾಂತ ಒತ್ತಡದ ಶೇ. 1ರ ಸುತ್ತ ಬಂದಾಗ ಹರಿವು ನಿಲ್ಲದೆ ಓಡಿದರೂ ಹಾಗೆಯೇ. ಅಲ್ಲಿ ನಿಜವಾದ ಭೌತಶಾಸ್ತ್ರವೂ ಲೆಕ್ಕದ ದೋಷವೂ ಒಂದೇ ಮುಖ ಹಾಕಿಕೊಂಡು ಬರುತ್ತವೆ, ಅನುಭವಿಗಳೇ ಬೇಕು.

ಕೇಳುವಾಗ ಬರೀ ಗ್ರಾಫ್‌ನ ಫೋಟೊ ಕಳುಹಿಸಬೇಡಿ. ಇನ್‌ಪುಟ್ ಫೈಲ್, ಕೋಡ್‌ನ ಆವೃತ್ತಿ, ಶಾಖದ ಹರಿವು ಕಾಲದೊಂದಿಗೆ ಬದಲಾದ ಪೂರ್ತಿ ಗೆರೆ, ಸ್ಪೆಕ್ಟ್ರಮ್, ಝೋನಲ್ ಪರೀಕ್ಷೆಯಲ್ಲಿ ಬಂದ ಅಂಶ, ಮತ್ತು ಉಷ್ಣವೇಗದ ವ್ಯಾಖ್ಯೆಯಲ್ಲಿ ವರ್ಗಮೂಲ 2 ಇದೆಯೋ ಇಲ್ಲವೋ ಎಂಬ ಒಂದು ಸಾಲು ಇರಲಿ. ಈ ಕೊನೆಯ ಸಾಲು ಬರೆಯಲು ಕೈಪಿಡಿ ತೆರೆದವರಲ್ಲಿ ಕೆಲವರು ಪತ್ರವನ್ನು ಕಳುಹಿಸುವುದೇ ಇಲ್ಲ.